ಸೂಜಿ ಕಾಣುವ ಮೊದಲೇ ಗುಂಡ ಹೆದರಿಬಿಟ್ಟಿರುತ್ತಾನೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ತಿಪಟೂರಿನ ಹತ್ತಿರ ಒಂದು ಹಳ್ಳಿ. ನಮ್ಮ ಗುಂಡನಿಗೆ ನಾಲ್ಕು ವರ್ಷ. ಬೀದಿನಾಯಿ ಮರಿ, ಮಳೆಗಾಲದಲ್ಲಿ ಗೇಟಿನ ಹತ್ತಿರ ಸಿಕ್ಕಿದ್ದು, ಈಗ 19 ಕೆಜಿ ಇದ್ದಾನೆ. ಮನೆಯಲ್ಲಿ ಹಸುವಿನಂಥವನು. ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತಾನೆ. ಆಸ್ಪತ್ರೆ ಅಂದ್ರೆ ಮಾತ್ರ ಬೇರೆಯೇ ನಾಯಿ. ಒಂದೂವರೆ ವರ್ಷದ ಹಿಂದೆ ಲಸಿಕೆ ಹಾಕಿಸಲು ಹೋದಾಗ ಆಟೋದಲ್ಲೇ ಜೊಲ್ಲು ಸುರಿಸಿ ವಾಂತಿ ಮಾಡಿದ. ಅಲ್ಲಿ ಬೆಂಚಿನ ಕೆಳಗೆ ನುಗ್ಗಿದವನನ್ನು ನಾಲ್ಕು ಜನ ಎಳೆದು, ಬಾಯಿಗೆ ಬ್ಯಾಂಡೇಜ್ ಬಟ್ಟೆ ಕಟ್ಟಿ, ಮೇಜಿನ ಮೇಲೆ ಒತ್ತಿ ಹಿಡಿದು ಇಂಜೆಕ್ಷನ್ ಕೊಟ್ಟರು. ಹೆದರಿ ಅಲ್ಲೇ ಎಲ್ಲ ಮಾಡಿಕೊಂಡ. ಬಿಡಿಸಿಕೊಳ್ಳುವಾಗ ನಮ್ಮ ಯಜಮಾನರ ಕೈಗೆ ಹಲ್ಲು ತಾಗಿತು. ಅದಾದ ಮೇಲೆ ನಾವು ಆ ಕಡೆ ತಲೆ ಹಾಕಿಲ್ಲ. ಈಗ ಹತ್ತು ದಿನದಿಂದ ಬಲಗಿವಿ ಕೊಡವುತ್ತಿದ್ದಾನೆ, ವಾಸನೆ ಬರುತ್ತಿದೆ, ಮುಟ್ಟಲು ಬಿಡುವುದಿಲ್ಲ. ಅತ್ತೆ ಬಿಸಿ ಕೊಬ್ಬರಿ ಎಣ್ಣೆ ಬಿಡು ಅಂತಾರೆ. ಪಕ್ಕದ ಮನೆಯವರು ಅವಿಲ್ ಮಾತ್ರೆ ಕೊಟ್ಟು ಕರ್ಕೊಂಡು ಹೋಗಿ, ಇಲ್ಲಾಂದ್ರೆ ನಿಮ್ಮ ಅತ್ತೆಯ ನಿದ್ದೆ ಮಾತ್ರೆ ಅರ್ಧ ಹಾಕಿ ಅಂತಾರೆ. ಮೈದುನ ಎರಡು ಬಿಟ್ಟರೆ ಸರಿಹೋಗ್ತಾನೆ ಅಂತಾನೆ. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತೆ ಅಂತ ಇನ್ನೊಬ್ಬರು. ಬೀದಿನಾಯಿಗೆ ಲಸಿಕೆಯೇ ಬೇಡ ಅನ್ನುವವರೂ ಇದ್ದಾರೆ. ಹೊಟ್ಟೆ ಖಾಲಿ ಇರಬೇಕಾ? ಕರ್ಕೊಂಡು ಹೋಗೋದು ಹೇಗೆ?

ಉತ್ತರ: ಪ್ರಶ್ನೆ ಏಳೆಂಟಿದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ ಅಲ್ವಾ? ಕಿವಿ ತೋರಿಸಲೇಬೇಕು, ಆದರೆ ಹೋದ ಸಲದ ಹಾಗೆ ಇನ್ನೊಮ್ಮೆ ಆದರೆ ಈ ನಾಯಿ ಜನ್ಮದಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಅನ್ನುವ ಭಯ. ಆ ಭಯ ಸುಳ್ಳಲ್ಲ. 23 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಮೊದಲು ತಾಲ್ಲೂಕು ಪಶು ಆಸ್ಪತ್ರೆ, ಈಗ ನನ್ನದೇ ಸಣ್ಣ ಕ್ಲಿನಿಕ್. ನಾಲ್ಕು ಜನ ಒತ್ತಿ ಹಿಡಿದು ಸೂಜಿ ಚುಚ್ಚಿದ ನಾಯಿಗಳಲ್ಲಿ ನನ್ನ ಕೈಯಲ್ಲೇ ಆದವೂ ಇವೆ. ದಿನಕ್ಕೆ ಅರವತ್ತು ಕೇಸು, ಹೊರಗೆ ಎಮ್ಮೆ, ಹಸು, ಆಡು, ಕುರಿ. ನಾಯಿಗೆ ಸಿಗುತ್ತಿದ್ದದ್ದು ಮೂರು ನಿಮಿಷ. ಆ ಮೂರು ನಿಮಿಷದ ಸಾಲವನ್ನು ಮುಂದಿನ ಸಲ ಯಾರೋ ಒಬ್ಬರು ತೀರಿಸಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಯಜಮಾನರ ಕೈ ತೀರಿಸಿತು.

ಮೊದಲು ಕಿವಿ. ಅದನ್ನು ಈ ವಾರವೇ ತೋರಿಸಿ. ನಾಯಿಯನ್ನು ಆಸ್ಪತ್ರೆಗೆ ಒಗ್ಗಿಸುವ ಅಭ್ಯಾಸಕ್ಕೆ ಒಂದೆರಡು ತಿಂಗಳು ಬೇಕು, ಈ ಕಿವಿ ಅಷ್ಟು ದಿನ ಕಾಯುವುದಿಲ್ಲ. ವಾಸನೆ ಬರುತ್ತಿದೆ ಅಂದರೆ ಒಳಗೆ ಬ್ಯಾಕ್ಟೀರಿಯಾ ಅಥವಾ ಬೂಸ್ಟಿನಂಥ ಸೋಂಕು ಬೆಳೆದಿದೆ. ರಕ್ತ ಹೀರುವ ಉಣ್ಣೆ ಹೊಕ್ಕು ಕೂತಿರಬಹುದು, ಹುಲ್ಲಿನ ಮುಳ್ಳು ಇರಬಹುದು. ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತನಾಳ ಒಡೆದರೆ ಕಿವಿ ಪೂರಿಯ ಹಾಗೆ ಊದಿಕೊಳ್ಳುತ್ತದೆ. ಆಮೇಲೆ ಅದು ಸೂಜಿಯಲ್ಲಿ ರಕ್ತ ತೆಗೆಯುವುದೋ, ಕೊಯ್ದು ಹೊಲಿಗೆ ಹಾಕುವುದೋ ಆಗುತ್ತದೆ. ಸೋಂಕು ಇನ್ನೂ ಒಳಗೆ ಇಳಿದರೆ ತಲೆ ಒಂದು ಕಡೆ ವಾಲಿಸಿಕೊಂಡು ತಿರುಗುತ್ತಾನೆ. ಹಾಗಾಗಿ ನಾನು ಎರಡು ಥರದ ಭೇಟಿಯ ಲೆಕ್ಕ ಹಾಕುತ್ತೇನೆ. ಈ ವಾರದ್ದು ಔಷಧಿಯ ಸಹಾಯದಿಂದ, ಮುಂದಿನವು ಅಭ್ಯಾಸದಿಂದ.

ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ಬೇಡ ಅನ್ನುವುದು ಕಷ್ಟ, ಗೊತ್ತು. ಆದರೂ ಕಿವಿಗೆ ಬೇಡ. ಎಣ್ಣೆ ಬಿಟ್ಟರೆ ಒಳಗಿನ ಕೊಳೆ ಇನ್ನೂ ಜಿಡ್ಡುಗಟ್ಟುತ್ತದೆ, ನಾವು ಲೈಟು ಬಿಟ್ಟು ನೋಡಿದರೆ ಏನೂ ಕಾಣುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್, ನಿಂಬೆರಸ, ಮನೆಯಲ್ಲಿ ಉಳಿದಿರುವ ಮನುಷ್ಯರ ಕಿವಿ ಹನಿ ಯಾವುದೂ ಬೇಡ. ಕಿವಿ ತಮಟೆ ಹರಿದಿದ್ದರೆ ಕೆಲವು ಹನಿಗಳಿಂದ ಕಿವುಡೇ ಆಗಬಹುದು, ಅದನ್ನು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಡಾಕ್ಟರ್ ಮುಂದೆ ಕೊಳಕು ಕಿವಿ ತೋರಿಸಲು ನಾಚಿಕೆ ಅಂತ ಒರೆಸಿಕೊಂಡು ಬರುವವರಿದ್ದಾರೆ. ದಯವಿಟ್ಟು ಒರೆಸಬೇಡಿ. ಆ ಕೊಳೆಯನ್ನೇ ಹತ್ತಿಯ ಕಡ್ಡಿಯಲ್ಲಿ ತೆಗೆದು, ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು.

ಈಗ ಹೆದರಿಕೆಯ ವಿಷಯ. ನಾಯಿ ಇಂಜೆಕ್ಷನ್ನಿಗೆ ಹೆದರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನೀವು ಬರೆದಿರುವುದನ್ನೇ ಇನ್ನೊಮ್ಮೆ ಓದಿ. ವಾಂತಿ ಆಟೋದಲ್ಲಿ ಆಯಿತು. ಬೆಂಚಿನ ಕೆಳಗೆ ನುಗ್ಗಿದ್ದು ಡಾಕ್ಟರ್ ಮುಖ ನೋಡುವ ಮೊದಲೇ. ಅಂದರೆ ಸೂಜಿ ಬರುವ ಹೊತ್ತಿಗೆ ಗುಂಡ ಐದಾರು ಸಲ ಹೆದರಿಯಾಗಿತ್ತು. ಯಾವತ್ತೂ ಹಾಕದ ಚೈನು ಹಾಕಿದಿರಿ, ಒಂದು ಸಲ. ನೆಲ ನಡುಗುವ ಆಟೋ, ಎರಡನೆಯದು. ಆಸ್ಪತ್ರೆ ಬಾಗಿಲಿನ ವಾಸನೆ. ಬೇರೆ ನಾಯಿಗಳು. ಜಾರುವ ಮೇಜು. ಅಪರಿಚಿತರ ಕೈಗಳು. ಸೂಜಿ ಕೊನೆಯದು, ಅದರ ನೋವು ಇರುವೆ ಕಚ್ಚಿದಷ್ಟು. ಮನೆಯಲ್ಲಿ ಆಡುತ್ತಾ ಮುಳ್ಳು ಚುಚ್ಚಿಸಿಕೊಂಡರೆ ಇದೇ ನಾಯಿ ಒಂದು ಸಲ ಕುಂಯ್ ಅಂದು ಮತ್ತೆ ಓಡುತ್ತದೆ.

ವಾಸನೆ ನಾವು ಅಂದುಕೊಂಡದ್ದಕ್ಕಿಂತ ದೊಡ್ಡ ಸಂಗತಿ. ತುಂಬಾ ಹೆದರಿದ ನಾಯಿ ಗುದದ ಪಕ್ಕದ ಗ್ರಂಥಿಗಳನ್ನು ಖಾಲಿ ಮಾಡಿಬಿಡುತ್ತದೆ, ಕೆಟ್ಟ ಮೀನಿನಂಥ ವಾಸನೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿನ ಮಟ್ಟಿಗೆ ಆ ವಾಸನೆ ಮಾಯವಾಗುತ್ತದೆ, ಮುಂದೆ ಬರುವ ನಾಯಿಯ ಮೂಗಿನ ಮಟ್ಟಿಗೆ ಮಾಯವಾಗುವುದಿಲ್ಲ. "ಇಲ್ಲಿ ನನ್ನಂಥವನೊಬ್ಬ ಹೆದರಿ ಹೋಗಿದ್ದಾನೆ" ಅಂತ ಅದು ನೆಲದಲ್ಲೇ ಓದಿಕೊಳ್ಳುತ್ತದೆ. ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಡಬ್ಬಿಯಿಂದ ತೆಗೆದ ಕೂಡಲೇ ಕಿವಿ ಹಿಂದಕ್ಕೆ ಹೋಗುವ ನಾಯಿಗಳನ್ನು ದಿನಾ ನೋಡುತ್ತೇನೆ, ಸಿರಿಂಜು ಇನ್ನೂ ಕವರಿನಲ್ಲೇ ಇರುತ್ತದೆ.

ಮೇಜಿನ ಕಥೆಯೂ ಹಾಗೇ. ಸ್ಟೀಲ್ ಮೇಜು, ತಣ್ಣಗೆ, ಒದ್ದೆ, ಎದೆಯ ಎತ್ತರ. ಜಾರುವ ನೆಲದಲ್ಲಿ ನಿಂತ ನಾಯಿ ಕಾಲು ಬಿಗಿ ಮಾಡುತ್ತದೆ. ಬಿಗಿ ಮಾಡಿದ್ದನ್ನು ನಾವು ಹಟ ಅಂದುಕೊಂಡು ಇನ್ನೂ ಒತ್ತುತ್ತೇವೆ. ಮನೆಯಿಂದ ಒಂದು ಗೋಣಿಚೀಲ ತಂದು ಮೇಜಿನ ಮೇಲೆ ಹಾಸಿ ನೋಡಿ, ಅರ್ಧ ಜಗಳ ಕಡಿಮೆ. 19 ಕೆಜಿ ನಾಯಿಯನ್ನು ಮೇಜು ಹತ್ತಿಸಲೇಬೇಕು ಅಂತಲೂ ಇಲ್ಲ. ನಾನು ಎಷ್ಟೋ ನಾಯಿಗಳನ್ನು ನೆಲದಲ್ಲಿ ಕೂತೇ ನೋಡುತ್ತೇನೆ. ಮಂಡಿ ನೋವು ನನ್ನ ಪಾಡು. "ಕೆಳಗೇ ನೋಡಬಹುದಾ ಡಾಕ್ಟ್ರೇ" ಅಂತ ನೀವು ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ, ಬಹಳ ಜನ ಒಪ್ಪುತ್ತಾರೆ.

ನಿಮ್ಮ ಮೈದುನನಿಗೆ ಒಂದು ಮಾತು. ಎರಡು ಬಿಟ್ಟರೆ ಗುಂಡ ಗುರ್ ಅನ್ನುವುದನ್ನು ನಿಲ್ಲಿಸಬಹುದು, ನಿಜ. ಆದರೆ ಹೆದರಿಕೆ ಅಲ್ಲೇ ಇರುತ್ತದೆ, ಹೋಗುವುದು ಎಚ್ಚರಿಕೆಯ ಗಂಟೆ ಮಾತ್ರ. ಗುರ್ ಅಂದರೆ "ಸಾಕು, ಕೈ ತೆಗಿ" ಅಂತ. ಅದಕ್ಕೆ ಏಟು ತಿಂದು ಕಲಿತ ನಾಯಿ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚುತ್ತದೆ. ನನ್ನ ಎಡಗೈ ಹೆಬ್ಬೆರಳಿನ ಮೇಲಿರುವ ಗುರುತು ಅಂಥದ್ದೇ ಒಂದು "ಶಿಸ್ತಿನ" ನಾಯಿಯದ್ದು. ಗುರ್ ಅನ್ನುವ ಮೊದಲೂ ನಾಯಿ ಹೇಳುತ್ತಿರುತ್ತದೆ. ತಿನ್ನಲು ಏನೂ ಇಲ್ಲದೆ ಮೂತಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದೆ ಆಕಳಿಸುತ್ತದೆ, ಮುಖ ಒಂದು ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ, ಇಷ್ಟದ ತಿಂಡಿಯನ್ನೂ ಮೂಸಿ ಬಿಡುತ್ತದೆ. ತಿಂಡಿ ಬಿಟ್ಟಿತು ಅಂದರೆ ತಲೆ ಕೆಟ್ಟಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಬೇಕು.

ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅನ್ನುವುದು ಶುದ್ಧ ಸುಳ್ಳು. ಕುಂಯ್‌ಗುಟ್ಟಿದಾಗಲೆಲ್ಲ ಬಿಸ್ಕತ್ತು ಕೊಟ್ಟರೆ ಕುಂಯ್‌ಗುಟ್ಟುವುದನ್ನು ಕಲಿಯಬಹುದು. ಭಯ ಹಾಗಲ್ಲ. ಸಿಡಿಲಿಗೆ ಹೆದರಿದ ಮಗುವನ್ನು ಎತ್ತಿಕೊಂಡರೆ ಅದು ಸಿಡಿಲಿಗೆ ಇನ್ನೂ ಹೆದರುವುದನ್ನು ಕಲಿಯುತ್ತದೆಯೇ? ಮೆತ್ತಗೆ ಮಾತಾಡಿ, ಎದೆಯ ಕೆಳಗೆ ನಿಧಾನವಾಗಿ ನೀವಿ. "ಏನಾಗಲ್ಲ ಏನಾಗಲ್ಲ" ಅಂತ ನೀವೇ ನಡುಗುವ ದನಿಯಲ್ಲಿ ಹತ್ತು ಸಲ ಅಂದರೆ ಮಾತ್ರ ಅವನಿಗೆ ಏನೋ ಆಗುತ್ತದೆ ಅಂತ ಖಾತ್ರಿಯಾಗುತ್ತದೆ.

ಮಾತ್ರೆಗಳ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕಂದ್ರೆ ಅನಾಹುತ ಆಗುವುದು ಇಲ್ಲೇ. ಅವಿಲ್ ಅಲರ್ಜಿಯ ಮಾತ್ರೆ. ಅದರಿಂದ ಒಂದಿಷ್ಟು ತೂಕಡಿಕೆ ಬರುತ್ತದೆ, ಅಷ್ಟೇ. ತೂಕಡಿಕೆ ಬೇರೆ, ಧೈರ್ಯ ಬೇರೆ. ಮೈ ಜೋಲುತ್ತಿದೆ, ಭಯ ಹಾಗೇ ಇದೆ, ಓಡಲು ಆಗುತ್ತಿಲ್ಲ ಅಂದಾಗ ನಾಯಿಗೆ ಉಳಿಯುವ ದಾರಿ ಹಲ್ಲು. ಅತ್ತೆಯವರ ನಿದ್ದೆ ಮಾತ್ರೆ ಇನ್ನೂ ಅಪಾಯ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಜಾತಿಯ ಮಾತ್ರೆ ಕೊಟ್ಟಾಗ ಕೆಲವು ನಾಯಿಗಳು ಮಲಗುವ ಬದಲು ಕೆರಳುತ್ತವೆ. ಸಾಮಾನ್ಯವಾಗಿ ಸಂಕೋಚಪಟ್ಟು ಸುಮ್ಮನಿರುವ ನಾಯಿಯ ಸಂಕೋಚವೇ ಕಳಚಿ, ಕುಡಿದವರ ಹಾಗೆ, ಕಚ್ಚಲು ಹಿಂಜರಿಯುವುದಿಲ್ಲ. ಅದೂ ಅಲ್ಲದೆ ನೀವು ಕೊಟ್ಟದ್ದು ಗೊತ್ತಿಲ್ಲದೆ ಡಾಕ್ಟರ್ ಮೇಲೊಂದು ಮಂಪರಿನ ಇಂಜೆಕ್ಷನ್ ಕೊಟ್ಟರೆ ಉಸಿರಾಟವೇ ಕುಸಿಯಬಹುದು. ಕಿವಿ ನೋವಿಗೆ ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೇಡ. ನಾಯಿಯ ಹೊಟ್ಟೆ, ಮೂತ್ರಪಿಂಡ, ಲಿವರ್ ನಮ್ಮಂತೆ ಅವನ್ನು ತಡೆಯುವುದಿಲ್ಲ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಮುಚ್ಚಿಡಬೇಡಿ. ಸ್ಟ್ರಿಪ್ಪನ್ನೇ ತಂದು ತೋರಿಸಿ. ಬೈದರೆ ಒಂದು ನಿಮಿಷ ಬೈಸಿಕೊಳ್ಳಿ.

ಹಾಗಂತ ಔಷಧಿಯೇ ಬೇಡ ಅಂತಲ್ಲ. ಗುಂಡನಂಥ ನಾಯಿಗೆ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಗ್ಯಾಬಾಪೆಂಟಿನ್, ಟ್ರಾಜೊಡೋನ್ ಅಂತ ಎರಡು ಔಷಧಿಗಳನ್ನು ನಾಯಿಗಳ ಆಸ್ಪತ್ರೆ ಭಯಕ್ಕೆ ನಾವು ಬಳಸುತ್ತೇವೆ. ಸಾಮಾನ್ಯವಾಗಿ ಹಿಂದಿನ ರಾತ್ರಿ ಒಂದು, ಹೊರಡುವ ಎರಡು ಗಂಟೆ ಮೊದಲು ಒಂದು. ಇವು ಮನುಷ್ಯರ ಅಂಗಡಿಯಲ್ಲೇ ಸಿಗುತ್ತವೆ, ಆದರೆ ಪ್ರಮಾಣವನ್ನು ತೂಕ, ವಯಸ್ಸು, ಮೂತ್ರಪಿಂಡ ನೋಡಿ ಪಶುವೈದ್ಯರೇ ಬರೆಯಬೇಕು, ಅದಕ್ಕೇ ನಾನಿಲ್ಲಿ ಎಷ್ಟು ಅಂತ ಹೇಳುತ್ತಿಲ್ಲ. ಮಾತ್ರೆ ಬದಲು ಸಿರಪ್ ಕೊಂಡರೆ ಅದರಲ್ಲಿ ಝೈಲಿಟಾಲ್ ಅನ್ನುವ ಸಿಹಿ ಇಲ್ಲ ಅಂತ ಲೇಬಲ್ ನೋಡಿ ಖಚಿತ ಮಾಡಿಕೊಳ್ಳಿ, ಅದು ನಾಯಿಗೆ ವಿಷ. ಇನ್ನೊಂದು ಮುಖ್ಯ. ಆಸ್ಪತ್ರೆ ದಿನವೇ ಮೊದಲ ಸಲ ಕೊಡಬೇಡಿ. ಮನೆಯಲ್ಲಿ ಎಲ್ಲರೂ ಇರುವ ಒಂದು ದಿನ ಒಂದು ಸಲ ಕೊಟ್ಟು ನೋಡಿ, ಸ್ವಲ್ಪ ತೂರಾಡಬಹುದು, ಹೆಚ್ಚು ಮಲಗಬಹುದು. ಮೆಟ್ಟಿಲು ಇರುವ ಮನೆಯಾದರೆ ಕಣ್ಣಿಡಿ. ಆಟೋದ ವಾಂತಿಗೆ ಮಾರೋಪಿಟೆಂಟ್ ಅನ್ನುವ ಬೇರೆ ಮಾತ್ರೆ ಇದೆ, ಅದನ್ನೂ ಕೇಳಿ ಬರೆಸಿಕೊಳ್ಳಿ. ವಾಂತಿ ನಿಂತರೆ ಆಟೋದ ಭಯ ಅರ್ಧ ಇಳಿಯುತ್ತದೆ.

ನಾಯಿ ಇಲ್ಲದೆ ಮಾತ್ರೆ ಬರೆಸುವುದು ಹೇಗೆ ಅಂತೀರಾ? ಮೊದಲು ನೀವೊಬ್ಬರೇ ಹೋಗಿ, ಅಥವಾ ಫೋನ್ ಮಾಡಿ. ಗುಂಡನ ಹಳೆಯ ಲಸಿಕೆ ಪುಸ್ತಕ ಇರಲಿ. ಕಿವಿ ಕೊಡವುವ ವಿಡಿಯೋ ಮೊಬೈಲಿನಲ್ಲಿ ಇರಲಿ. ಇದು ಎಲ್ಲರಿಗೂ ಹೇಳುವ ಮಾತು, ಕುಂಟುವುದು, ಕೆಮ್ಮುವುದು, ಫಿಟ್ಸ್ ಬರುವುದು ಏನೇ ಇದ್ದರೂ ವಿಡಿಯೋ ಮಾಡಿಟ್ಟುಕೊಳ್ಳಿ, ಮೂರು ಕಾಲಿನಲ್ಲಿ ಬಂದ ನಾಯಿ ಆಸ್ಪತ್ರೆಯಲ್ಲಿ ಹೆದರಿಕೆಗೆ ನಾಲ್ಕೂ ಕಾಲಿನಲ್ಲಿ ಓಡುವುದನ್ನು ನೂರು ಸಲ ನೋಡಿದ್ದೇನೆ. ಡಾಕ್ಟರಿಗೆ ಮುಲಾಜಿಲ್ಲದೆ ಹೇಳಿ: "ನಮ್ಮ ನಾಯಿ ಕಚ್ಚಬಹುದು. ಹೋದ ಸಲ ಹೀಗೀಗಾಯ್ತು. ಜನ ಕಡಿಮೆ ಇರುವ ಹೊತ್ತು ಯಾವುದು? ಕಿವಿ ಒಳಗೆ ನೋಡಲು ಮಂಪರು ಕೊಡಬೇಕಾಗಬಹುದಾ?" ಕಚ್ಚುತ್ತಾನೆ ಅಂದರೆ ನೋಡುವುದೇ ಇಲ್ಲ ಅಂದುಕೊಂಡು ಮುಚ್ಚಿಡುತ್ತಾರೆ ಜನ. ನನಗೆ ಮೊದಲೇ ಹೇಳಿದ ನಾಯಿ ಅಪಾಯ ಅಲ್ಲ. "ಏನೂ ಮಾಡಲ್ಲ ಡಾಕ್ಟ್ರೇ, ಪಾಪದ್ದು" ಅಂದ ನಾಯಿಯೇ ಅಪಾಯ.

ಹೊಟ್ಟೆ ಖಾಲಿ ಇರಬೇಕಾ ಅನ್ನುವುದಕ್ಕೆ ಉತ್ತರ ಡಾಕ್ಟರಿಗೆ ಕೇಳಿ ಅಂದ ಆ ಮಂಪರಿನ ಪ್ರಶ್ನೆಯಲ್ಲೇ ಇದೆ. ಬರೀ ಲಸಿಕೆಗೆ ಉಪವಾಸ ಬೇಕಿಲ್ಲ. ಸ್ವಲ್ಪ ಹಸಿದಿದ್ದರೆ ತಿಂಡಿಯ ಮೇಲೆ ಆಸೆ ಹೆಚ್ಚು, ವಾಂತಿಯೂ ಕಡಿಮೆ, ಹಾಗಾಗಿ ಬೆಳಿಗ್ಗೆ ಕಾಲು ಊಟ ಸಾಕು. ಆದರೆ ಮಂಪರು ಕೊಡುವ ಸಾಧ್ಯತೆ ಇದ್ದರೆ ಡಾಕ್ಟರ್ ಹೇಳಿದಷ್ಟು ಗಂಟೆ, ಸಾಮಾನ್ಯವಾಗಿ ಹಿಂದಿನ ರಾತ್ರಿಯಿಂದಲೇ, ಊಟ ನಿಲ್ಲಿಸಬೇಕು. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ದಾರಿಯಲ್ಲಿ ಕೊಡುವ ಲಿವರ್ ತುಂಡೂ ಲೆಕ್ಕಕ್ಕೆ ಬರುತ್ತದೆ. ತಿಂಡಿ ಕೊಟ್ಟು ಪುಸಲಾಯಿಸುವ ಭೇಟಿಯೋ, ಖಾಲಿ ಹೊಟ್ಟೆಯ ಭೇಟಿಯೋ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ, ಎರಡೂ ಒಟ್ಟಿಗೆ ಆಗುವುದಿಲ್ಲ. ಮೂರು ತಿಂಗಳ ಮರಿಗಳಿಗೆ ಈ ಉದ್ದದ ಉಪವಾಸ ಹೇಳಿದ್ದಲ್ಲ, ಅವಕ್ಕೆ ಸಕ್ಕರೆ ಅಂಶ ಬೇಗ ಇಳಿಯುತ್ತದೆ.

ಗುಂಡನ ಮಟ್ಟಿಗೆ ನನ್ನ ಅಂದಾಜು ಕೇಳಿದರೆ, ಈ ಸಲ ಮಂಪರು ಬೇಕಾಗುತ್ತದೆ. ನೋವಿರುವ ಕಿವಿ, ಹಳೆಯ ಭಯ, ಕಿವಿಯೊಳಗೆ ನಳಿಕೆ ಹಾಕಿ ನೋಡುವ ಕೆಲಸ. ಇದನ್ನು ಎಚ್ಚರವಾಗಿದ್ದಾಗ ಮಾಡಲು ಹೋದರೆ ಹಳೆಯ ಕಥೆ. ಮಂಪರಿನಲ್ಲೂ ಅಪಾಯ ಇಲ್ಲ ಅನ್ನಲಾರೆ. ಹೃದಯದ ತೊಂದರೆ ಇದ್ದರೆ, ವಯಸ್ಸಾಗಿದ್ದರೆ, ಪಗ್‌ನಂಥ ಚಪ್ಪಟೆ ಮೂಗಿನ ಜಾತಿಯಾದರೆ ಹೆಚ್ಚು ಯೋಚಿಸಬೇಕು. ನಾಲ್ಕು ವರ್ಷದ ನಾಟಿ ನಾಯಿಗೆ, ಉಣ್ಣೆ ಜ್ವರ ಏನೂ ಇಲ್ಲ ಅಂತ ನೋಡಿಕೊಂಡು, ತೂಕ ಹಾಕಿ ಕೊಟ್ಟರೆ ನನಗೆ ಧೈರ್ಯವಿದೆ. ಒಸಡು ಬಿಳಿಚಿದೆಯಾ, ಊಟ ಕಡಿಮೆ ಮಾಡಿದ್ದಾನಾ ಅಂತ ನೀವು ಮನೆಯಲ್ಲೇ ಗಮನಿಸಿ ಹೇಳಿ, ನಮ್ಮ ಕಡೆ ಉಣ್ಣೆಯಿಂದ ಬರುವ ರಕ್ತದ ಸೋಂಕು ಸಾಮಾನ್ಯ. ನಿಮ್ಮ ಊರಿನಲ್ಲಿ ಮಂಪರು ಕೊಟ್ಟು ನೋಡುವ ಅನುಕೂಲ ಇಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರು ಕಡೆ ಹೋಗುವುದಿದ್ದರೆ ಹೆಬ್ಬಾಳದ್ದಿದೆ.

ಡಾಕ್ಟರನ್ನೇ ಮನೆಗೆ ಕರೆಸಬಹುದಲ್ಲ ಅಂತ ಅನಿಸಬಹುದು. ಲಸಿಕೆಗೆ ಅದು ಒಳ್ಳೆಯ ದಾರಿಯೇ, ಕೆಲವು ನಾಯಿಗಳಿಗೆ. ಆದರೆ ಗೇಟು ಕಾಯುವ ನಾಯಿ ತನ್ನ ಜಾಗದಲ್ಲಿ ಇನ್ನೂ ಜೋರಿರುತ್ತದೆ. ಮತ್ತೆ ಬ್ಯಾಗು ಹಿಡಿದು ಬಂದವರೆಲ್ಲ ಶತ್ರುಗಳು ಅಂತ ಆಗಿಬಿಟ್ಟರೆ ಗ್ಯಾಸ್ ಸಿಲಿಂಡರ್ ತರುವ ಹುಡುಗನ ಗತಿ ಯೋಚಿಸಿ. ಮಂಪರನ್ನಂತೂ ಮನೆಯ ಜಗಲಿಯಲ್ಲಿ ಕೊಡಲು ನಾನು ಒಪ್ಪುವುದಿಲ್ಲ, ಏರುಪೇರಾದರೆ ಆಕ್ಸಿಜನ್ ಎಲ್ಲಿಂದ ತರಲಿ?

ಹೊರಡುವ ದಿನ. ಪರಿಚಯದ ಆಟೋದವರನ್ನೇ ಕರೆಯಿರಿ, ನಾಯಿ ಇದೆ ಅಂತ ಮೊದಲೇ ಹೇಳಿ. ಅವನು ಮಲಗುವ ಹಳೇ ಬೆಡ್‌ಶೀಟನ್ನು ತೊಳೆಯದೆ ತಂದು ಆಟೋದ ಕೆಳಗಿನ ಜಾಗದಲ್ಲಿ ಹಾಸಿ, ಸೀಟಿನ ಮೇಲೆ ಬೇಡ, ತಿರುವಿನಲ್ಲಿ ಜಾರುತ್ತಾನೆ. ಕುತ್ತಿಗೆ ಪಟ್ಟಿಯೊಂದೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಎಳೆದರೆ ತಲೆ ಪಟ್ಟಿಯಿಂದ ಸಲೀಸಾಗಿ ಹೊರಬರುತ್ತದೆ, ಆಸ್ಪತ್ರೆ ಗೇಟಿನಿಂದ ರಸ್ತೆಗೆ ಓಡಿ ಗಾಡಿಗೆ ಸಿಕ್ಕ ನಾಯಿಗಳನ್ನು ಕಂಡಿದ್ದೇನೆ. ಎದೆಗೆ ಹಾಕುವ ಹಾರ್ನೆಸ್ ಒಂದು, ಪಟ್ಟಿ ಒಂದು, ಎರಡಕ್ಕೂ ಹಗ್ಗ ಇರಲಿ. ಇಬ್ಬರು ಹೋಗಿ. ಒಬ್ಬರು ಒಳಗೆ ಹೋಗಿ ಚೀಟಿ ಮಾಡಿಸಿ, ಸರದಿ ಬರುವವರೆಗೆ ಇನ್ನೊಬ್ಬರು ಗುಂಡನ ಜೊತೆ ಹೊರಗೆ, ಮರದ ಕೆಳಗೆ. ಒಳಗಿನ ಬೆಂಚು ನಾಯಿ ಕಾಯುವ ಜಾಗ ಅಲ್ಲ. ಹೆದರಿಕೆಯಿಂದ ಹೆದರಿಕೆ ಅಂಟುವ ಜಾಗ ಅದು.

ಬಾಯಿ ಕಟ್ಟುವುದು ಕ್ರೂರವಾ ಅಂತ ನೀವು ನೇರವಾಗಿ ಕೇಳಿಲ್ಲ, ಬರೆದ ರೀತಿಯಲ್ಲಿ ಆ ನೋವು ಕಾಣುತ್ತದೆ. ಬ್ಯಾಂಡೇಜ್ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟುವುದು ಒಂದೆರಡು ನಿಮಿಷದ ತುರ್ತಿಗೆ ಮಾತ್ರ. ನಾಯಿ ನಮ್ಮಂತೆ ಬೆವರುವುದಿಲ್ಲ, ನಾಲಿಗೆ ಹೊರಹಾಕಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಗಿದು ಕೂರಿಸಿದರೆ ಅಪಾಯ. ಪೆಟ್ ಅಂಗಡಿಯಲ್ಲಿ ಸಿಗುವ ಬಟ್ಟೆಯ ಕೊಳವೆಯಂಥ ಮಝಲ್ ಕೂಡ ಹಾಗೇ. ಬೇಕಾದದ್ದು ಬುಟ್ಟಿಯಂಥ ಮಝಲ್, ಕಣ ತುಳಿಯುವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕುತ್ತಿದ್ದರಲ್ಲ, ಆ ಥರ. ಅದರೊಳಗೆ ಬಾಯಿ ಪೂರ್ತಿ ತೆರೆಯಬಹುದು, ನೀರು ಕುಡಿಯಬಹುದು, ಸಂದಿನಿಂದ ತಿಂಡಿ ಕೊಡಬಹುದು. ಇವತ್ತೇ ಒಂದು ಕೊಂಡು, ತಳಕ್ಕೆ ಮೊಸರು ಸವರಿ ಗುಂಡನ ಮುಂದೆ ಹಿಡಿಯಿರಿ. ಅವನೇ ಮೂತಿ ಹಾಕಿ ನೆಕ್ಕಲಿ, ಪಟ್ಟಿ ಬಿಗಿಯಬೇಡಿ. ದಿನಕ್ಕೆ ನಾಲ್ಕೈದು ಸಲ, ಅರ್ಧ ನಿಮಿಷ. ಎರಡು ವಾರದಲ್ಲಿ ಬುಟ್ಟಿ ಕಂಡರೆ ಬಾಲ ಆಡಿಸುವ ಹಾಗಾಗುತ್ತದೆ. ಈ ವಾರಕ್ಕೆ ಅಷ್ಟು ಆಗದಿದ್ದರೂ ಆದಷ್ಟು ಆಗಲಿ.

ಡಾಕ್ಟರ್ ಮುಂದೆ ಯಜಮಾನರು ಹಿಡಿದುಕೊಳ್ಳುವುದು ಬೇಡ ಅನಿಸುತ್ತದೆ. ಒಮ್ಮೆ ಕಚ್ಚಿಸಿಕೊಂಡ ಕೈ ಮತ್ತೆ ಬಿಗಿಯಾಗುತ್ತದೆ, ಆ ಬಿಗಿ ಹಗ್ಗದಲ್ಲಿ ಇಳಿದು ನಾಯಿಗೆ ತಲುಪುತ್ತದೆ. ಮುಖಕ್ಕೆ ಮುಖ ಕೊಟ್ಟು ತಬ್ಬಿಕೊಳ್ಳುವುದನ್ನು ಯಾರೂ ಮಾಡಬೇಡಿ, ಅತಿ ಹೆಚ್ಚು ಮೂಗು ತುಟಿ ಹರಿಯುವುದು ಪ್ರೀತಿಯಿಂದ ಹಾಗೆ ಹಿಡಿದವರದ್ದೇ. ನೀವು ಪಕ್ಕದಲ್ಲಿ ನಿಂತು ಮಾತಾಡಿ, ಹಿಡಿಯುವುದನ್ನು ಅಲ್ಲಿನ ಸಹಾಯಕರಿಗೆ ಬಿಡಿ. ಅವನು ಒದ್ದಾಡಲು ಶುರು ಮಾಡಿ ಹತ್ತು ಸೆಕೆಂಡಿಗೂ ನಿಲ್ಲದಿದ್ದರೆ, "ಇವತ್ತು ಸಾಕು, ಮಂಪರಿಗೆ ಇನ್ನೊಂದು ದಿನ ಬರ್ತೀವಿ" ಅನ್ನುವ ಹಕ್ಕು ನಿಮಗಿದೆ. ತುರ್ತಾದರೆ ಮಾತ್ರ ಈ ಮಾತು ನಡೆಯುವುದಿಲ್ಲ. ವಿಷ ತಿಂದಿದ್ದರೆ, ಹೊಟ್ಟೆ ನಗಾರಿಯಂತೆ ಉಬ್ಬಿದ್ದರೆ, ಉಚ್ಚೆ ಕಟ್ಟಿದ್ದರೆ, ಹಾವು ಕಚ್ಚಿದ್ದರೆ, ಆಗ ಭಯ ಗಿಯ ಎಲ್ಲ ಪಕ್ಕಕ್ಕಿಟ್ಟು ಹೇಗಿದ್ದಾನೋ ಹಾಗೆ ಎತ್ತಿಕೊಂಡು ಬನ್ನಿ. ಯಾರಿಗಾದರೂ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮನೆ ನಾಯಿ ಅಂತ ಬಿಡದೆ ಮನುಷ್ಯರ ಆಸ್ಪತ್ರೆಗೂ ಹೋಗಿ. ಅವನ ರೇಬೀಸ್ ಲಸಿಕೆಯ ಅವಧಿ ಮುಗಿದಿದೆ ಅನ್ನುವುದನ್ನೂ ಹೇಳಿ.

ಆ ಲಸಿಕೆ. ಬೀದಿನಾಯಿಗೆ ಬೇಡ ಅಂದವರಿಗೆ ಹೇಳಿ, ರೇಬೀಸ್ ತಳಿ ಕೇಳಿ ಬರುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯರೂ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. ನಾಟಿ ನಾಯಿಗಳು ಗಟ್ಟಿ ಅನ್ನುವುದು ಹವೆ, ಚರ್ಮ, ಜೀರ್ಣದ ಮಟ್ಟಿಗೆ ನಿಜ, ಈ ವೈರಸ್ಸಿನ ಮುಂದೆ ಅಲ್ಲ. ತಡವಾಯಿತು ಅಂತ ರೇಬೀಸ್ ಲಸಿಕೆಯನ್ನು ಮರಿಯಂತೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಸಾಮಾನ್ಯವಾಗಿ ಒಂದು ಡೋಸ್ ಸಾಕು, ಆಮೇಲೆ ವರ್ಷಕ್ಕೊಂದು. ಹಲವು ರೋಗಗಳಿಗೆ ಒಟ್ಟಿಗೆ ಕೊಡುವ ಇನ್ನೊಂದು ಲಸಿಕೆಯಲ್ಲಿ ಇಲಿಜ್ವರದ ಭಾಗಕ್ಕೆ ಎರಡು ಡೋಸ್ ಬೇಕಾಗಬಹುದು. ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ, ಅದು ನಾಯಿಗೆ ಸಹಜ, ಕಿವಿ ನೋಡುವಾಗಲೇ ರೇಬೀಸ್ ಲಸಿಕೆಯನ್ನೂ ಮುಗಿಸಬಹುದಾ ಅಂತ ಕೇಳಿ. ಇದಕ್ಕಾಗಿ ಇನ್ನೊಂದು ಸಲ ಎಳೆದುಕೊಂಡು ಬರುವುದು ತಪ್ಪುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಆದರೆ ಗುಂಡನನ್ನು ಅಂಥ ಜಾತ್ರೆಗೆ ಕರೆದುಕೊಂಡು ಹೋಗಬೇಡಿ.

ಕಿವಿ ವಾಸಿಯಾದ ಮೇಲೆ ಅಭ್ಯಾಸ ಶುರು. ನಿಂತ ಆಟೋಗೆ ಹತ್ತಿಸಿ, ಇಂಜಿನ್ ಆಫ್, ಬೇಯಿಸಿದ ಕೋಳಿ ಲಿವರ್ ನಾಲ್ಕು ತುಂಡು, ಇಳಿಸಿ. ಆಟೋದವರು ನಗುತ್ತಾರೆ, ನಗಲಿ. ನಾಲ್ಕನೇ ದಿನ ಇಂಜಿನ್ ಆನ್. ಆಮೇಲೆ ರಸ್ತೆಯ ಕೊನೆಯವರೆಗೆ. ಹತ್ತಿದಾಗಲೆಲ್ಲ ಆಸ್ಪತ್ರೆಗೇ ಹೋಗುವ ಆಟೋ ಯಾರಿಗೆ ತಾನೇ ಇಷ್ಟ? ಕೆರೆ ಏರಿಗೆ, ತೋಟಕ್ಕೆ ಹೋಗಿ ಬನ್ನಿ. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ತೂಕದ ಯಂತ್ರದ ಮೇಲೆ ನಿಲ್ಲಿಸಿ, ತಿಂಡಿ ಕೊಟ್ಟು, ಯಾರೂ ಮುಟ್ಟದೆ ವಾಪಸ್. ನನ್ನ ಕ್ಲಿನಿಕ್ಕಿಗೆ ಹೀಗೆ ಬರುವ ಒಂದು ಲ್ಯಾಬ್ರಡಾರ್ ಇದೆ, ಹೆಸರು ಕರೆಯುವ ಮೊದಲೇ ತೂಕದ ಯಂತ್ರದ ಮೇಲೆ ಹತ್ತಿ ಕೂತಿರುತ್ತದೆ, ಇಳಿಯುವುದೇ ಇಲ್ಲ. ಅದಕ್ಕೆ ಲಸಿಕೆ ಕೊಡುವಾಗ ಒಡತಿ ಸ್ಟೀಲ್ ಚಮಚದಲ್ಲಿ ಶೇಂಗಾ ಪೇಸ್ಟು ಹಿಡಿಯುತ್ತಾರೆ. ನಾನು ಫ್ರಿಜ್ಜಿನ ಲಸಿಕೆಯನ್ನು ಅಂಗೈಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಕೊಟ್ಟುಬಿಡುತ್ತೇನೆ. ಚಮಚ ನೆಕ್ಕುವುದು ನಿಲ್ಲುವುದಿಲ್ಲ. ಅದೂ ಮೊದಲು ಬೆಂಚಿನ ಕೆಳಗಿದ್ದ ನಾಯಿಯೇ.

ಮನೆಯಲ್ಲೂ ದಿನಾ ಒಂದು ನಿಮಿಷ ಎಡಗಿವಿ, ಅಂದರೆ ನೋವಿಲ್ಲದ ಕಿವಿ, ಎತ್ತಿ ನೋಡಿ ಒಂದು ತುಂಡು ಕೊಡಿ. ಪಾದ ಹಿಡಿದು ಒಂದು ತುಂಡು. ತುಟಿ ಎತ್ತಿ ಒಂದು ತುಂಡು. ಬಲಗಿವಿ ವಾಸಿಯಾಗುವವರೆಗೆ ಅದನ್ನು ಅಭ್ಯಾಸಕ್ಕೆ ಮುಟ್ಟಬೇಡಿ.

ಲಸಿಕೆ ಹಾಕಿಸಿದರೆ ತಕ್ಷಣ ಆಟೋ ಹತ್ತಬೇಡಿ, ಅದೇ ಮರದ ಕೆಳಗೆ ಅರ್ಧ ಗಂಟೆ ಇರಿ. ಮುಖ ಊದಿದರೆ, ಮೈಮೇಲೆ ಗಂಧೆ ಎದ್ದರೆ, ವಾಂತಿ ಶುರುವಾದರೆ ಓಡಿ ಒಳಗೆ ಬನ್ನಿ. ಒಂದು ದಿನ ಮಂಕಾಗಿರುವುದು ಮಾಮೂಲು. ಮಂಪರು ಕೊಟ್ಟಿದ್ದರೆ ಪೂರ್ತಿ ಎಚ್ಚರವಾಗಿ ತಾನೇ ನಡೆಯುವವರೆಗೆ ಊಟ ಇಡಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ.

ಇನ್ನು ಕಿವಿಗೆ ಹನಿ ಬರೆದುಕೊಡುತ್ತಾರೆ, ಬಹುಶಃ ದಿನಕ್ಕೆ ಎರಡು ಸಲ, ಎರಡು ವಾರ. ಆಸ್ಪತ್ರೆಯಲ್ಲಿ ಗೆದ್ದು ಮನೆಯಲ್ಲಿ ಸೋಲುವವರು ಇಲ್ಲೇ. ಬಾಟಲನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹಿಂದಿನಿಂದ ಹೋಗಬೇಡಿ, ಎರಡನೇ ದಿನಕ್ಕೆ ಕಂಡುಹಿಡಿಯುತ್ತಾನೆ. ಬಾಟಲ್ ತೋರಿಸಿ, ಮೂಸಲು ಬಿಡಿ, ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಒಬ್ಬರು ಮುಂದೆ ಚಮಚ ಹಿಡಿಯಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಹನಿ ಬಿಡಲಿ, ಕಿವಿಯ ಬುಡವನ್ನು ಹೊರಗಿನಿಂದ ಮೆತ್ತಗೆ ನೀವಲಿ. ಪಿಚಕ್ ಪಿಚಕ್ ಅಂತ ಸದ್ದು ಬಂದರೆ ಔಷಧಿ ಒಳಗೆ ಹೋಗಿದೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಅವನು ಕೊಡವುತ್ತಾನೆ, ಸೀರೆಗೆ ಹಾರುತ್ತದೆ.